ಕವರಿಂಗ್ ಕ್ರೈಸ್ತರೂ ನಮ್ಮ ಅತ್ತಿಗೆಯೂ

ಕಡೆಯ ತೀರ್ಪಿನ ದಿನ ದೇವರು ನಿಧಾನವಾಗಿ ಎದ್ದು, ಕಾಫಿ ಕುಡಿದುಕೊಂಡು ಬಂದರೂ ಏನೂ ತೊಂದರೆಯಿಲ್ಲ. ಚೆನ್ನೈ ಮಟ್ಟಿಗೆ ಅರ್ಧ ಕೆಲಸವನ್ನು ನಮ್ಮ ಅತ್ತಿಗೆ ಆಗಲೇ ಮುಗಿಸಿಟ್ಟಿದ್ದಾರೆ.

ಅತ್ತಿಗೆ ಎಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿ. ವಯಸ್ಸು ಎಂಬತ್ತರ ಹತ್ತಿರ, ಎತ್ತರ ನಾಲ್ಕೂಮುಕ್ಕಾಲು ಅಡಿ. ಹಾಬಿ? ನಮ್ಮ ಕನ್ನಡ ಚರ್ಚಿನ ಸಭೆಯಲ್ಲಿ ಅಸಲಿ ಕ್ರೈಸ್ತರು ಯಾರು, ಕವರಿಂಗ್ ಕ್ರೈಸ್ತರು ಯಾರು ಎಂದು ಪತ್ತೆಹಚ್ಚುವುದು. ತಾಮ್ರದ ಬಳೆಗೆ ಚಿನ್ನದ ನೀರು ಕುಡಿಸಿದರೆ ಈ ಊರಿನಲ್ಲಿ ಅದಕ್ಕೆ ಕವರಿಂಗ್ ಎನ್ನುತ್ತಾರೆ. ಭಾನುವಾರದ ಬೆಳಕಿನಲ್ಲಿ ಎರಡೂ ಒಂದೇ ಹೊಳಪು. ಗೊತ್ತಾಗುವುದು ಹೇಗೆ?

"ಉಜ್ಜಿ ನೋಡ್ಬೇಕು ಕಣೇ. ಬಾಯಿ ನೋಡ್ಬೇಡ, ಕಾಲು ನೋಡು. ಎಲ್ಲಿಗೆ ಹೋಗುತ್ತೆ, ಯಾರಿಗೋಸ್ಕರ ಹೋಗುತ್ತೆ ಅಂತ."

ಉಜ್ಜುವುದೆಂದರೆ ಸಾಮಾನ್ಯವೇ? ಸಭೆಯ ಹಿರಿಯರೊಬ್ಬರು, ರಿಟೈರ್ಡ್ ರೈಲ್ವೆ ಗಾರ್ಡ್, ಇಪ್ಪತ್ತು ವರ್ಷದಿಂದ ಒಂದೇ ಫ್ಯಾನಿನ ಕೆಳಗೆ, ಒಂದೇ ಬೆಂಚಿನ ಒಂದೇ ತುದಿಯಲ್ಲಿ ಕೂರುವವರು. ಒಂದು ಭಾನುವಾರ ಅತ್ತಿಗೆ ಅರ್ಧ ಗಂಟೆ ಮೊದಲೇ ಹೋಗಿ ಅಲ್ಲಿ ಕೂತುಬಿಟ್ಟರು.

"ಎಕ್ಸ್‌ಕ್ಯೂಸ್ ಮಿ ಅಮ್ಮಾ, ಇದು ನನ್ನ ಜಾಗ."

"ಹೌದಾ ಸಾರ್? ಪರಲೋಕದಲ್ಲೂ ಫ್ಯಾನ್ ಕೆಳಗೇ ಬುಕ್ ಮಾಡಿದೀರಾ?"

ಪಾಪ, ನೆರೆಯವರನ್ನು ಪ್ರೀತಿಸುವ ಬಗೆಗಿನ ಅಂದಿನ ಉಪದೇಶವನ್ನು ಅವರು ಹಿಂದಿನ ಸಾಲಿನಿಂದ ಅತ್ತಿಗೆಯ ಬೆನ್ನನ್ನೇ ದುರುಗುಟ್ಟಿಕೊಂಡು ಕೇಳಿದರು. "ಬಣ್ಣ ಬಿಡ್ತು," ಎಂದು ಅತ್ತಿಗೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಇನ್ನೊಂದು ಪರೀಕ್ಷೆ ಗೇಟಿನದು. ಆರಾಧನೆ ಮುಗಿದ ಕೂಡಲೇ ಅತ್ತಿಗೆ ಗೇಟಿನ ನಟ್ಟನಡುವೆ ಆಮೆಯ ಹಾಗೆ ನಡೆಯುತ್ತಾರೆ. ಹಿಂದೆ ಕಾರುಗಳ ಸಾಲು. ಆಮೆನ್‌ಗೂ ಮೊದಲ ಹಾರ್ನ್‌ಗೂ ನಡುವೆ ಎಷ್ಟು ಹೊತ್ತು ಎನ್ನುವುದೇ ಭಕ್ತಿಯ ಅಳತೆ. ಒಂದು ವಾರ ಎಲ್ಲರಿಗಿಂತ ಮೊದಲು ಹಾರ್ನ್ ಹೊಡೆದವರು ನಮ್ಮ ಪಾದ್ರಿ, ಸಭಾಪಾಲಕರೇ! ಅತ್ತಿಗೆ ಅವರನ್ನು ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸು ಮಾಡಿದರು. "ಅವರಿಗೆ ತ್ರಿಪ್ಲಿಕೇನ್‌ನಲ್ಲಿ ಇನ್ನೊಂದು ಪ್ರಾರ್ಥನೆ ಇತ್ತು, ಪಾಪ."

ಇದೆಲ್ಲ ನೋಡಿ ನಗುತ್ತಿದ್ದ ನನಗೆ ಒಳಗೊಳಗೇ ಒಂದು ಆಸೆಯಿತ್ತು. ಕಾನ್ವೆಂಟಿನಲ್ಲಿ ಓದುವಾಗ ಪ್ರತಿ ವರ್ಷ ಬೈಬಲ್ ಪರೀಕ್ಷೆಯ ಸ್ಕ್ರಿಪ್ಚರ್ ಪ್ರೈಜ್ ನನಗೇ. ಮೊಣಕಾಲೂರಿದರೂ ಬೆನ್ನು ನೆಟ್ಟಗಿರಬೇಕೆಂದು ಸಿಸ್ಟರ್‌ಗಳು ಕಲಿಸಿದ ಪೋಶ್ಚರ್ ಇಂದಿಗೂ ಕೆಟ್ಟಿಲ್ಲ. ಆದರೆ ಅತ್ತಿಗೆಯ ಸರ್ಟಿಫಿಕೇಟ್ ಇಲ್ಲದೆ ಪ್ರೈಜ್ ಇದ್ದೇನು ಬಂತು? ಮೂವತ್ತು ವರ್ಷದಿಂದ ಕೇಳುತ್ತಿದ್ದೆ: "ಅತ್ತಿಗೆ, ನಾನು ಯಾವುದು? ಅಸಲಿಯಾ, ಕವರಿಂಗಾ?"

"ನಿನ್ನ ಪೇಪರ್ ಇನ್ನೂ ಕರೆಕ್ಷನ್‌ನಲ್ಲಿದೆ ಕಣೇ."

ಹೋದ ವರ್ಷ ಅತ್ತಿಗೆ ಬಾತ್‌ರೂಮಿನಲ್ಲಿ ಜಾರಿ ಸೊಂಟ ಮುರಿದುಕೊಂಡರು. ಕೀಲ್ಪಾಕಿನ ಆಸ್ಪತ್ರೆಯಲ್ಲಿ ಆಪರೇಷನ್. ಅವರಿಗೆ ಮಕ್ಕಳಿಲ್ಲ, ದಿನವೂ ಬೆಳಿಗ್ಗೆ ಫ್ಲಾಸ್ಕ್ ಹಿಡಿದು ಹೋಗುವವಳು ನಾನೇ. ಮಲಗಿದಲ್ಲಿಂದಲೇ ನನ್ನನ್ನು ಉಜ್ಜತೊಡಗಿದರು ನೋಡಿ! ಕಾಫಿ ಬಿಸಿ. ಆರಿಸಿ ಕೊಟ್ಟರೆ ತಣ್ಣಗೆ. ಮೂರು ಚಮಚ ಸಕ್ಕರೆ ಹಾಕಿದ್ದರೂ "ಜಿಪುಣಿ, ಇನ್ನೊಂದು ಚಮಚ ಹಾಕಿದ್ರೆ ಏನಾಗ್ತಿತ್ತು?" ಬೈಬಲಿನ ಕೀರ್ತನೆ ಓದಿದರೆ, "ಸಿಸ್ಟರ್ ಥರ ಓದ್ಬೇಡ, ಮನುಷ್ಯರ ಥರ ಓದು."

ನಾಲ್ಕನೇ ದಿನ ಫ್ಲಾಸ್ಕನ್ನು ಠಣ್ಣನೆ ಇಟ್ಟೆ. "ನಾಳೆಯಿಂದ ನಾನು ಬರಲ್ಲ ಅತ್ತಿಗೆ. ನನಗೂ ಎಪ್ಪತ್ತೆರಡು. ನಿಮ್ಮ ಅಸಲಿ ಕ್ರೈಸ್ತರು ಯಾರಾದ್ರೂ ಇದ್ರೆ ಕರೆಸ್ಕೊಳ್ಳಿ."

ಆಟೋದಲ್ಲಿ ಮನೆ ಮುಟ್ಟುವವರೆಗೂ ಅಳುತ್ತಲೇ ಇದ್ದೆ. ಫ್ರಾಂಕ್ಲಿ, ಅತ್ತಿಗೆಗಾಗಿ ಅಲ್ಲ. ಮೂವತ್ತು ವರ್ಷ ಕಾದು ಫೇಲಾದೆನಲ್ಲ ಎಂದು.

ಮರುದಿನ ಬೆಳಿಗ್ಗೆ ಯಾಕೋ ಬೇಗ ಎಚ್ಚರವಾಯಿತು. ಒಬ್ಬರೇ ಮಲಗಿರುತ್ತಾರೆ, ಬಾಗಿಲು ನೋಡುತ್ತಿರುತ್ತಾರೆ ಎನ್ನಿಸಿತು. ದಡಬಡನೆ ಕಾಫಿ ಮಾಡಿ ಹೊರಟೆ.

ಅತ್ತಿಗೆ ಬಾಗಿಲನ್ನೇ ನೋಡುತ್ತಿದ್ದರು.

"ಬರಲ್ಲ ಅಂದಿದ್ದೆ?"

"ಅಂದಿದ್ದೆ. ಗೊತ್ತು ಬಿಡಿ, ಫೇಲ್."

ಅವರ ಕಣ್ಣು ನನ್ನ ಕಾಲಿಗಿಳಿಯಿತು. ನಾನೂ ನೋಡಿಕೊಂಡೆ. ಬಲಗಾಲಿನಲ್ಲಿ ಚರ್ಚಿಗೆ ಹಾಕುವ ಚಪ್ಪಲಿ, ಎಡಗಾಲಿನಲ್ಲಿ ನೀಲಿ ಬಾತ್‌ರೂಮ್ ಚಪ್ಪಲಿ. ಅತ್ತಿಗೆ ಬಹಳ ಹೊತ್ತು ಆ ನೀಲಿ ಚಪ್ಪಲಿಯನ್ನು ನೋಡಿದರು.

"ಕಾಫಿ ಕೊಡು."

ಲೋಟ ಕೆಳಗಿಡದೆ ಪೂರ್ತಿ ಕುಡಿದರು. ಐದು ದಿನದಲ್ಲಿ ಮೊದಲ ಸಲ ಒಂದು ದೂರೂ ಇಲ್ಲ. ಫ್ಲಾಸ್ಕಿನಲ್ಲಿ ಉಳಿದದ್ದನ್ನು ನಾನು ಬಗ್ಗಿಸಿಕೊಂಡು ಒಂದು ಗುಟುಕು ಕುಡಿದೆ.

ಸಕ್ಕರೆಯನ್ನೇ ಹಾಕಿರಲಿಲ್ಲ.

ತಲೆ ಎತ್ತಿದೆ. ಅತ್ತಿಗೆ ನನ್ನ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದ್ದರು.

"ಇವತ್ತು ಕಾಫಿ ಚೆನ್ನಾಗಿತ್ತು ಕಣೇ."