ಹನ್ನೆರಡು ಸಂಪುಟಕ್ಕೊಂದು ಅಭಿಪ್ರಾಯ

ಬೆಳಿಗ್ಗೆ ಒಂಬತ್ತಕ್ಕೆ ದೇವಶಾಸ್ತ್ರ ಕಾಲೇಜಿನ ಗ್ರಂಥಾಲಯಕ್ಕೆ ಒಂದು ಮರದ ಪೆಟ್ಟಿಗೆ ಬಂದಿಳಿಯಿತು. ಒಳಗೆ, ಹಿರಿಯ ಬೈಬಲ್ ಪಂಡಿತರೊಬ್ಬರ ಸಮಗ್ರ ಕೃತಿಗಳು. ಹನ್ನೆರಡು ಸಂಪುಟ, ಒಂದೊಂದೂ ದಿಂಬಿನಷ್ಟು ದಪ್ಪ. ಜೊತೆಗೆ ಪುಸ್ತಕದಂಗಡಿಯವನ ಚೀಟಿ: "ಬೇಡವೆನಿಸಿದರೆ ಸಂಜೆ ಐದರೊಳಗೆ ಹಿಂದಿರುಗಿಸಬಹುದು. ಹಾಳೆ ಕತ್ತರಿಸಿದ್ದರೆ ವಾಪಸು ಪಡೆಯುವುದಿಲ್ಲ."

ಹಳೆಯ ಕಾಲದ ಮುದ್ರಣ. ಪುಟಗಳ ಅಂಚು ಮಡಿಕೆಯಲ್ಲೇ ಕೂಡಿಕೊಂಡಿತ್ತು. ಚಾಕು ಆಡಿಸದೆ ಓದುವಂತಿಲ್ಲ, ಚಾಕು ಆಡಿಸಿದರೆ ಹಿಂದಿರುಗಿಸುವಂತಿಲ್ಲ. ಗ್ರಂಥಪಾಲ ತಲೆಯ ಮೇಲೆ ಕೈಹೊತ್ತು ಕುಳಿತ.

ಅಷ್ಟರಲ್ಲಿ ಪ್ರಾಂಶುಪಾಲರು ಬಾಗಿಲಲ್ಲಿ ನಿಂತರು. "ನೋಡ್ರೀ, ಹೋದ ವರ್ಷ ನೀವು ಚೆನ್ನಾಗಿದೆ ಅಂದ ವಿಶ್ವಕೋಶದಲ್ಲಿ ಭೂಪಟ ತಲೆಕೆಳಗಿತ್ತು. ಅದರ ಹಿಂದಿನ ವರ್ಷ ತರಿಸಿದ ನಿಘಂಟು ಅರ್ಧಕ್ಕೇ ಮುಗಿದುಹೋಗಿತ್ತು. ಈ ಸಲಾನೂ ತಪ್ಪಿದ್ರೆ ನೀವು ಹಾಸ್ಟೆಲ್ ಉಗ್ರಾಣಕ್ಕೆ. ಇದು ಕೊಳ್ಳೋ ಯೋಗ್ಯತೆ ಇರೋದಾ ಅಲ್ವಾ, ನಾಲ್ಕೂವರೆಗೆ ಬರೆದು ತನ್ನಿ."

ಗ್ರಂಥಪಾಲ ಹತ್ತೊಂಬತ್ತು ವರ್ಷದಿಂದ ಕಿಟಕಿ ಪಕ್ಕದ ಈ ಕುರ್ಚಿಯಲ್ಲಿ ಕೂತವನು. ಹೆಂಡತಿಯ ತವರಿನವರೆಲ್ಲ ಬಂದಿಳಿದಾಗಲೂ ಅವನಿಗೆ ನೆಮ್ಮದಿ ಸಿಕ್ಕಿದ್ದು ಇಲ್ಲೇ. ಈ ಕುರ್ಚಿ ಬಿಟ್ಟು ಉಗ್ರಾಣದಲ್ಲಿ ಮೂಟೆ ಎಣಿಸುವುದೇ?

ಬಲ್ಲವರನ್ನು ಕೇಳೋಣವೆಂದು ಹೀಬ್ರೂ ಮೇಷ್ಟ್ರ ಬಳಿ ಓಡಿದ.

"ಆಹಾ! ಕಣ್ಮುಚ್ಚಿ ಕೊಂಡುಕೊಳ್ಳಿ. ನನ್ನ ಜೀವನಾನೇ ಬದಲಾಯಿಸಿದ ಗ್ರಂಥ!" ಎಂದರು ಮೇಷ್ಟ್ರು.

"ಯಾವ ಸಂಪುಟ ಸಾರ್?"

"ಎಲ್ಲಾನೂ ಚೆನ್ನಾಗಿದೆ. ಅದರಲ್ಲೂ ಆ ತೆಳ್ಳಗಿರೋದು ಇದೆ ನೋಡಿ..."

ಹನ್ನೆರಡರಲ್ಲಿ ತೆಳ್ಳಗಿರುವುದು ಒಂದೂ ಇರಲಿಲ್ಲ. ಗ್ರಂಥಪಾಲ ಕೈಮುಗಿದು ಕ್ರೈಸ್ತ ಸಭೆಯ ಚರಿತ್ರೆ ಕಲಿಸುವ ಮೇಡಂ ಕೋಣೆಗೆ ಹೋದ.

"ಅಯ್ಯೋ, ಆ ಮನುಷ್ಯನದಾ? ಬರೀ ಹೊಟ್ಟು ಕಣ್ರೀ!"

"ಪೂರ್ತಿ ಓದಿದ್ದೀರಾ ಮೇಡಂ?"

"ಹೊಟ್ಟು ಅಂತ ಗೊತ್ತಿದ್ದ ಮೇಲೆ ಯಾರಾದ್ರೂ ಓದ್ತಾರೇನ್ರೀ?"

ಬಂದ ದಾರಿಗೆ ಸುಂಕವಿಲ್ಲವೆಂದು ಗ್ರಂಥಪಾಲ ಹಿಂದಿರುಗಿದ. ಒಂಬತ್ತನೆಯ ಸಂಪುಟದ ಹಾಳೆಯನ್ನು ಕೊಳವೆಯಂತೆ ಉಬ್ಬಿಸಿ, ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿದ. "ಆದಕಾರಣ ಮೀನಿನ ಹೊಟ್ಟೆಯಲ್ಲಿ ಯೋನನು" ಎಂಬಲ್ಲಿಯವರೆಗೆ ಕಂಡಿತು. ಮುಂದೆ ಯೋನನು ಏನು ಮಾಡಿದನೆಂಬುದು ಮಡಿಕೆಯೊಳಗೇ ಉಳಿಯಿತು.

"ಏನ್ರೀ, ಪುಸ್ತಕದೊಳಗೆ ಇಲಿ ಹೊಕ್ಕಿದೆಯಾ?" ಎನ್ನುತ್ತ ಗ್ರೀಕ್ ಮೇಷ್ಟ್ರು ಒಳಗೆ ಬಂದರು. ಕೇಳದೆ ಉಪಕಾರ ಮಾಡುವುದು ಅವರ ಹುಟ್ಟುಗುಣ. ಗ್ರಂಥಪಾಲ ತನ್ನ ಕಷ್ಟವನ್ನೆಲ್ಲ ತೋಡಿಕೊಂಡ. ಹಾಳೆ ಬಿಚ್ಚದೆ ಓದಲಾಗುತ್ತಿಲ್ಲ ಎಂದ. ಬಿಚ್ಚಬಾರದು ಎಂಬುದೊಂದನ್ನು ಹೇಳಲು ಮರೆತು, ಮೂರರ ಹೊತ್ತಿಗೆ ಊಟಕ್ಕೆ ಹೋದ.

ಬಂದು ನೋಡುತ್ತಾನೆ, ಗ್ರಂಥಾಲಯದ ತುಂಬ ಕಾಗದದ ಚೂರು! ಇಡೀ ಎರಡನೇ ವರ್ಷದ ತರಗತಿ ನೆಲದ ಮೇಲೆ ಕೂತು ಸ್ಕೇಲು, ಚಾಕು ಹಿಡಿದು ಹನ್ನೆರಡನೆಯ ಸಂಪುಟದ ಕೊನೆಯ ಹಾಳೆಗಳನ್ನು ಸೀಳುತ್ತಿತ್ತು.

"ಎಲ್ಲಾ ಬಿಚ್ಚಿಬಿಟ್ವಿ! ಗ್ರೀಕ್ ವ್ಯಾಕರಣಕ್ಕಿಂತ ಇದೇ ಚೆನ್ನಾಗಿದೆ ಅಂತಾರೆ ನಮ್ಮ ಹುಡುಗರು. ಥ್ಯಾಂಕ್ಸ್ ಗೀಂಕ್ಸ್ ಏನೂ ಬೇಡ," ಎಂದರು ಗ್ರೀಕ್ ಮೇಷ್ಟ್ರು.

ಗ್ರಂಥಪಾಲನಿಗೆ ಅಳು ಬಂತು, ಅಳಲು ಹೊತ್ತಿರಲಿಲ್ಲ. ಗಂಟೆ ಆಗಲೇ ನಾಲ್ಕು. ಇನ್ನು ಹಿಂದಿರುಗಿಸುವ ಮಾತೇ ಇಲ್ಲ. ಕೃತಿಗಳು ಹೊಟ್ಟಾಗಿರಲಿ ಕಾಳಾಗಿರಲಿ, ಹೊಗಳಿದರೆ ಮಾತ್ರ ಕುರ್ಚಿ ಉಳಿದೀತು. ಇನ್ನೊಂದು ಸಾಲೂ ಓದದೆ ಬರೆಯಲು ಕೂತ. "ಇಂಥ ಪಾಂಡಿತ್ಯ ನ ಭೂತೋ ನ ಭವಿಷ್ಯತಿ. ಅದರಲ್ಲೂ ಹನ್ನೆರಡನೆಯ ಸಂಪುಟದ ಕೊನೆಯ ಅಧ್ಯಾಯ ಇಡೀ ಗ್ರಂಥಕ್ಕೇ ಕಳಶ. ಅಲ್ಲಿನ ಒಂದೊಂದು ಮಾತನ್ನೂ ನಾನು ಮನಸಾರೆ ಒಪ್ಪುತ್ತೇನೆ." ಯಾವ ಪುಸ್ತಕಕ್ಕಾದರೂ ಕೊನೆಯ ಅಧ್ಯಾಯ ಇದ್ದೇ ಇರುತ್ತದೆ ಎಂಬುದು ಅವನ ಧೈರ್ಯ.

ನಾಲ್ಕೂವರೆಗೆ ಪ್ರಾಂಶುಪಾಲರ ಕೋಣೆಗೆ ಹೋದರೆ, ಅಲ್ಲಿ ತೊಂಬತ್ತರ ಆಸುಪಾಸಿನ ಮುದುಕರೊಬ್ಬರು ಊರುಗೋಲಿನ ಮೇಲೆ ಗದ್ದವೂರಿ ಕೂತಿದ್ದರು.

"ಗ್ರಂಥಕರ್ತರು ಇವರೇ. ನಿಮ್ಮ ಅಭಿಪ್ರಾಯ ಕೇಳಲಿ ಅಂತ ಕರೆಸಿದೀನಿ. ಗಟ್ಟಿಯಾಗಿ ಓದಿ," ಎಂದರು ಪ್ರಾಂಶುಪಾಲರು.

ಗ್ರಂಥಪಾಲ ಓದಿದ. ಮುಗಿಯುವಷ್ಟರಲ್ಲಿ ಮುದುಕರ ಕಣ್ಣಲ್ಲಿ ಧಾರಾಕಾರ ನೀರು.

"ಕೊನೇ ಅಧ್ಯಾಯ ಓದಿದ್ರಾ? ನಿಜವಾಗಲೂ?"

"ಎರಡು ಸಲ ಅಯ್ಯನವರೇ."

"ಒಪ್ತೀರಾ?"

"ಅಕ್ಷರ ಅಕ್ಷರಾನೂ."

ಮುದುಕರು ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. "ಮೂವತ್ತು ವರ್ಷದಿಂದ ಈ ಮಾತಿಗೆ ಕಾಯ್ತಿದ್ದೆನಪ್ಪಾ! ಹಿಂದಿನ ಹನ್ನೊಂದು ಸಂಪುಟಾನೂ ತಪ್ಪು, ದಯವಿಟ್ಟು ಯಾರೂ ಕೊಳ್ಳಬೇಡಿ ಅಂತ ಅಲ್ಲಿ ಸ್ಪಷ್ಟವಾಗಿ ಬರೆದಿದ್ದೆ. ಒಬ್ಬರೂ ಅಲ್ಲಿತನಕ ಬರಲಿಲ್ಲ. ಬಂದವರು ನೀವೊಬ್ಬರೇ!"

ಪ್ರಾಂಶುಪಾಲರು ಒಮ್ಮೆ ಅಭಿಪ್ರಾಯದ ಹಾಳೆಯನ್ನು ನೋಡಿದರು, ಒಮ್ಮೆ ಗ್ರಂಥಪಾಲನನ್ನು ನೋಡಿದರು. ಅವನು ನೆಲ ನೋಡಿದ.

"ಎಲ್ಲಾ ಹೊಸದಾಗಿ ಬರೀಬೇಕು," ಎಂದರು ಮುದುಕರು. "ನನಗೆ ಕೈ ಓಡಲ್ಲ. ನಾನು ಹೇಳ್ತೀನಿ, ಇವರು ಬರ್ಕೊಳ್ಳಲಿ. ಇವರನ್ನ ಕಳಿಸಿಕೊಡ್ತೀರಾ?"

"ಧಾರಾಳವಾಗಿ ಕರ್ಕೊಂಡ್ಹೋಗಿ ಅಯ್ಯನವರೇ. ಗ್ರಂಥಾಲಯ ಗ್ರೀಕ್ ಮೇಷ್ಟ್ರು ನೋಡ್ಕೋತಾರೆ," ಎಂದರು ಪ್ರಾಂಶುಪಾಲರು, ಹಲ್ಲು ಕಚ್ಚಿಕೊಂಡು.

ಗ್ರಂಥಪಾಲ ಮೆಲ್ಲಗೆ ಕೇಳಿದ, "ಹೊಸದು ಎಷ್ಟು ಸಂಪುಟ ಆಗಬಹುದು ಅಯ್ಯನವರೇ?"

"ತಪ್ಪು ಹೇಳೋಕೇ ಹನ್ನೊಂದು ಬೇಕಾಯ್ತು," ಎಂದು ಮುದುಕರು ಅವನ ಬೆನ್ನು ತಟ್ಟಿದರು. "ಸರಿ ಹೇಳೋಕೆ ಅದರ ಎರಡರಷ್ಟಾದ್ರೂ ಬೇಡ್ವಾ? ನಾಳೆ ಬೆಳಿಗ್ಗೆ ಐದಕ್ಕೇ ಬಂದ್ಬಿಡಿ."