ಸಿ.ಡಿ. ನುಂಗದ ಹೊಸ ಕಂಪ್ಯೂಟರುಗಳ ಬಗ್ಗೆ ಜಾನಪದ ವಿಭಾಗದ ಮುಖ್ಯಸ್ಥರಿಗೆ

ಮಾನ್ಯ ಮುಖ್ಯಸ್ಥರೇ,

ಶಿರ್ವದ ಸೆವ್ರಿನ್ ಬಾಯಿಯ ನಮಸ್ಕಾರಗಳು ತಮಗೂ, ತಮ್ಮ ಕುರ್ಚಿಗೂ, ಇನ್ನೂ ಪ್ಲಾಸ್ಟಿಕ್ ಹೊದ್ದುಕೊಂಡೇ ಕುಳಿತಿರುವ ತಮ್ಮ ಹೊಸ ಕಂಪ್ಯೂಟರುಗಳಿಗೂ ಸಲ್ಲಲಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರಹ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ; ಉದ್ಘಾಟನೆಯ ದಿನ ಅಷ್ಟು ಗೋಳಿಬಜೆ ಹಿಡಿಸಿದ ಹೊಟ್ಟೆಯಲ್ಲಿ ಇದಕ್ಕೂ ಜಾಗ ಇದ್ದೀತು.

ಆ ಉದ್ಘಾಟನೆಗೆ ನನ್ನ ಮೊಮ್ಮಗಳು, ತಮ್ಮಲ್ಲಿ ಪಿಎಚ್‌ಡಿ ಮಾಡುತ್ತಿರುವ ಕ್ಯಾರಲ್, ನನ್ನನ್ನೂ ಕರೆತಂದಿದ್ದಳು. ಎಂತಹ ಮುಂದಾಲೋಚನೆ ತಮ್ಮದು! ಮೇಜು ಯಾವ ದಿಕ್ಕಿಗಿರಬೇಕೆಂದು ವಾಸ್ತುವಿನವರನ್ನು ಕೇಳಿದಿರಿ, ಮುಹೂರ್ತಕ್ಕೆ ಭಟ್ಟರನ್ನು ಕೇಳಿದಿರಿ, ಗೋಡೆಯ ಬಣ್ಣಕ್ಕೆ ಹೊಂದುತ್ತದೆಯೇ ಎಂದು ಮನೆಯವರನ್ನೂ ಕೇಳಿದಿರಂತೆ. ಕಂಪ್ಯೂಟರು ನೋಡಿಕೊಳ್ಳಲೆಂದೇ ಕೆಳಗಿನ ಮಹಡಿಯಲ್ಲಿ ಸಂಬಳ ಕೊಟ್ಟು ಕೂರಿಸಿದ ಸುಕೇಶನನ್ನು ಮಾತ್ರ ಕೇಳಲಿಲ್ಲ. ಅದೂ ಸರಿಯೇ, ಊರನ್ನೆಲ್ಲ ಕೇಳಿ ಮದುಮಗಳನ್ನು ಬಿಟ್ಟ ಮದುವೆಗಳೂ ನಡೆಯುತ್ತವಲ್ಲ. ನಾನಾದರೋ ಗ್ರೈಂಡರ್ ತರುವ ಮೊದಲು ವಯರಿಂಗಿನ ಪಾಸ್ಕಲನನ್ನು ಕರೆದು "ನಮ್ಮ ಮನೆಯ ಲೈನ್ ತಡೆಯುತ್ತದಾ ಮಾರಾಯ" ಎಂದು ಕೇಳಿದವಳು. ಓದು ಕಡಿಮೆಯಾದರೆ ಹೀಗೆಯೇ, ಎಲ್ಲದಕ್ಕೂ ಕೇಳಬೇಕಾಗುತ್ತದೆ.

ಈಗ ಸಣ್ಣದೊಂದು ದೂರು. ರೋಸ್‌ನ ದಿನ, ಅಂದರೆ ಮದುವೆಯ ಮುನ್ನಾದಿನ, ಮದುಮಗಳಿಗೆ ತೆಂಗಿನ ಹಾಲು ಹಚ್ಚುವಾಗ ನಾವು ಹೇಳುವ ವೊವಿಯೊ ಎಂಬ ಕೊಂಕಣಿ ಹಾಡುಗಳನ್ನು ತಮ್ಮ ವಿಭಾಗದವರೇ ಹಿಂದೆ ನಮ್ಮ ಮನೆಗೆ ಬಂದು ಹಾಡಿಸಿ ಸಿ.ಡಿ.ಗೆ ಹಾಕಿದ್ದರು. ಕ್ಯಾರಲಳ ಪ್ರಬಂಧ ನಿಂತಿರುವುದೇ ಅದರ ಮೇಲೆ. ತಮ್ಮ ತೆಳ್ಳಗಿನ ಸುಂದರಿಯರಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ; ಜಾಗ ಇದ್ದ ಹಳೆಯವನ್ನು ಅಂಗಡಿಯವರಿಗೆ ಎಕ್ಸ್‌ಚೇಂಜಿಗೆ ಕೊಟ್ಟಾಯಿತು. ಹೊರಗಿನಿಂದ ಸಿಕ್ಕಿಸುವ ಪುಟ್ಟ ಡ್ರೈವ್ ಒಂದಿದ್ದರೆ ಸಾಕೆಂದು ಸುಕೇಶ ಬರೆದುಕೊಟ್ಟಿದ್ದಾನೆ. ಸಹಿ ಹಾಕಿದರೆ ಅವನನ್ನು ಮೊದಲೇ ಕೇಳಬೇಕಿತ್ತೆಂದು ಒಪ್ಪಿದಂತಾದೀತಲ್ಲ, ಆದ್ದರಿಂದ ತಾವು ಹಾಕುತ್ತಿಲ್ಲ. ಮರ್ಯಾದೆ ದೊಡ್ಡದು, ನನಗೂ ಗೊತ್ತುಂಟು.

"ಅಜ್ಜಿಯೇ ಇನ್ನೊಮ್ಮೆ ಹಾಡಲಿ" ಎಂದು ಕ್ಯಾರಲಳಿಗೆ ತಮ್ಮ ಅಪ್ಪಣೆಯಾಯಿತಂತೆ. ಆಗಲಿ. ಆದರೆ ವೊವಿಯೊದ ಸಾಲನ್ನು ಒಬ್ಬಳು ಎತ್ತಿಕೊಡಬೇಕು, ಉಳಿದವರು ಅದನ್ನು ಹಿಡಿದು ಹಾಡಬೇಕು. ಎತ್ತಿಕೊಡುತ್ತಿದ್ದವಳು ಕಾರ್ಕಳದ ನನ್ನ ನಾದಿನಿ ಗ್ಲ್ಯಾಡಿಸ್. ಅವಳನ್ನು ಮಣ್ಣು ಮಾಡಿ ಎರಡು ಮಳೆಗಾಲ ಕಳೆಯಿತು. ನಾನು ಹಿಡಿಯುವವಳು ಮಾತ್ರ. ದಯವಿಟ್ಟು ಅವಳನ್ನು ಒಮ್ಮೆ ಕರೆಸಿಕೊಡಿ. ಅದು ತಮ್ಮ ಅಧಿಕಾರಕ್ಕೆ ಮೀರಿದ್ದಾದರೆ, ಪೆನ್ನಿನ ಮುಚ್ಚಳವನ್ನಾದರೂ ತೆಗೆಯಿರಿ.

ಹಿಡಿಯಲು ಕಾದು ಕುಳಿತಿರುವ
ತಮ್ಮ ವಿಶ್ವಾಸಿ,
ಸೆವ್ರಿನ್ ಬಾಯಿ, ಶಿರ್ವ

ಬಿಟ್ಟುಹೋದ ಮಾತು: ಈ ಪತ್ರವನ್ನು ಪೇಪರಿನವರಿಗೆ ಕೊಡುವ ಮೊದಲು ಸುಕೇಶನನ್ನು ಕೇಳಿದೆ. "ಕೊಡಿ ಬಾಯಿ, ನನ್ನ ಹೆಸರೂ ಇರಲಿ" ಎಂದ. ನೋಡಿ, ಕೇಳಿದರೆ ಹೇಳುತ್ತಾನೆ.