ಮುಂದಿನ ಚಕ್ರದ ಬಾಗಿಲು

"ನೋಡ್ತಾ ಇರು! ಇನ್ನು ಎಂಟೇ ದಿನ. ನಿಮ್ಮಮ್ಮ ನನ್ನ ಕಾರನ್ನ ಹೊಗಳದೆ ಊಟಕ್ಕೇ ಕೂರಬಾರದು, ಹಾಗೆ ಮಾಡ್ತೀನಿ!" ಎಂದು ಕಿರಿಯಳಿಯ ಹೆಂಡತಿಯ ಮುಂದೆ ಶಪಥ ಮಾಡಿದ.

ಶಪಥಕ್ಕೆ ಕಾರಣ ಶುದ್ಧ ಹೊಟ್ಟೆಕಿಚ್ಚು. ಇವನು ಹದಿನೆಂಟು ವರ್ಷದಿಂದ ಕಬ್ಬಿಣದ ಬೀರು ಮಾಡುವವನು. ತಗಡು ಇವನು ಹೇಳಿದ ಹಾಗೆ ಕೇಳುತ್ತದೆ. ಹಿರಿಯಳಿಯ ಡ್ರಾಯಿಂಗ್ ಮೇಷ್ಟ್ರು, ಪೆನ್ಸಿಲ್ಲಿಗಿಂತ ಭಾರದ್ದು ಎತ್ತಿದವನಲ್ಲ. ಅಂಥವನು ತನ್ನ ಕಾರಿನ ಹಿಂದಿನ ಚಕ್ರಗಳಿಗೆ ಎರಡು ತಗಡು ಮುಚ್ಚಿ, ಗಾಳಿಯ ತಡೆ ತಪ್ಪಿಸಿ, ಲೀಟರಿಗೆ ಎರಡು ಕಿಲೋಮೀಟರ್ ಹೆಚ್ಚು ಓಡಿಸಿಬಿಟ್ಟಿದ್ದ! ಅತ್ತೆ ಅದನ್ನು ಹಾಲಿನವನನ್ನೂ ಬಿಡದೆ ಎಲ್ಲರಿಗೂ ಹೇಳುತ್ತಿದ್ದರು. "ನನ್ನ ಹಿರಿಯಳಿಯ ಪೆಟ್ರೋಲ್ ಉಳಿಸ್ತಾನೆ!" ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಕಿರಿಯಳಿಯ ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದ.

"ಹಿಂದಿನ ಚಕ್ರ ಯಾರು ಬೇಕಾದ್ರೂ ಮುಚ್ಚುತ್ತಾರೆ. ಅದೇನು ಅತ್ತಿತ್ತ ತಿರುಗುತ್ತಾ? ಮುಂದಿನದು ಮುಚ್ಚಬೇಕು! ಸ್ಟೇರಿಂಗ್ ತಿರುಗಿಸಿದ್ರೆ ತಗಡೂ ಜೊತೆಗೇ ತಿರುಗಬೇಕು!"

"ಮತ್ತೆ ಭಾವ ಯಾಕೆ ಮುಂದಿನದು ಮುಚ್ಚಲಿಲ್ಲ?"

"ಬುದ್ಧಿ ಸಾಲಲಿಲ್ಲ!"

"ಬುದ್ಧಿ ಇದ್ದಿದ್ದಕ್ಕೇ ಮುಚ್ಚಲಿಲ್ಲವೇನೋ."

ಎಂಟು ದಿನ ಅಂಗಡಿಯ ಬೀರುಗಳು ಬಾಗಿಲಿಲ್ಲದೆ ಬಾಯಿ ಬಿಟ್ಟುಕೊಂಡು ನಿಂತವು. ಅವುಗಳ ತಗಡು, ಕೀಲು ಎಲ್ಲ ಕಾರಿಗೆ ಹೋದವು. ಚಕ್ರ ತಿರುಗಿದರೆ ತಗಡು ಬೀರುವಿನ ಬಾಗಿಲಿನಂತೆ ಹೊರಕ್ಕೆ ತೆರೆಯುತ್ತಿತ್ತು, ನೇರವಾದರೆ ಮುಚ್ಚಿಕೊಳ್ಳುತ್ತಿತ್ತು. ಮೇಲೆ ಮಡ್‌ಗಾರ್ಡಿಗೆ ತಾಗದಿರಲೆಂದು ಒಂದು ಬೆರಳು ಜಾಗ ಬಿಟ್ಟಿದ್ದ. ಒಬ್ಬನೇ ಕೂತು ಓಡಿಸಿ ನೋಡಿದ. ಬೆಣ್ಣೆ!

ಭಾನುವಾರ ಮೇಷ್ಟ್ರ ಮನೆಯಲ್ಲಿ ಊಟ. ಅತ್ತೆ ಮುಂದಿನ ಸೀಟಿನಲ್ಲಿ ಭರ್ತಿಯಾಗಿ ಕೂತರು, ಹೆಂಡತಿ ಹಿಂದೆ. ದಿಗ್ವಿಜಯ ಹೊರಟಿತು. ದಾರಿಯುದ್ದಕ್ಕೂ ನೇರ ರಸ್ತೆ. ಕೊನೆಗೆ ದುಂಡನೆಯ ಪಾರ್ಕು, ಅದರ ಎದುರಿಗೇ ಮೇಷ್ಟ್ರ ಮನೆ. ಪಾರ್ಕಿನ ಹತ್ತಿರ ಸ್ಟೇರಿಂಗ್ ತಿರುಗಿಸಿದ. ಬಾಗಿಲು ತೆರೆಯಿತು. ಕಟಕ್! ಸ್ಟೇರಿಂಗ್ ವಾಪಸ್ಸು ಬರಲೊಲ್ಲದು.

ಗೇಟಿನಲ್ಲಿ ನಿಂತ ಮೇಷ್ಟ್ರು ಕೈಬೀಸಿದರು. ಅತ್ತೆಯೂ ಕೈಬೀಸಿದರು. ಕಾರು ಮನೆ ದಾಟಿ ಪಾರ್ಕು ಸುತ್ತಿತು.

"ಯಾಕಪ್ಪಾ, ನಿಲ್ಲಿಸಲಿಲ್ಲ?"

"ಕಾರಿನ ಓಟ ತೋರಿಸ್ತಾ ಇದ್ದೀನಿ ಅತ್ತೆ!"

ಬ್ರೇಕ್ ಒತ್ತಿದರೆ ಮುಗಿಯುತ್ತಿತ್ತು. ಆದರೆ ಮೇಷ್ಟ್ರ ಕಣ್ಣೆದುರು ಕೆಟ್ಟು ನಿಲ್ಲುವುದೇ? ಪ್ರಾಣ ಹೋದರೂ ಇಲ್ಲ! ಎರಡನೆಯ ಸುತ್ತಿಗೆ ಹೆಂಡತಿಯ ಅಕ್ಕನೂ ಗೇಟಿಗೆ ಬಂದಳು. ಮೂರನೆಯದಕ್ಕೆ ಅಕ್ಕಪಕ್ಕದ ಮನೆಯವರು ಬಂದರು. ನಾಲ್ಕನೆಯದಕ್ಕೆ ಯಾರೋ ಕುರ್ಚಿಯನ್ನೇ ಹೊರಗೆ ತಂದು ಹಾಕಿಕೊಂಡರು.

"ರೀ, ಅಮ್ಮನಿಗೆ ತಲೆ ಸುತ್ತುತ್ತಿದೆ! ನಿಲ್ಲಿಸ್ತೀರೋ, ನಾನೇ ಹಾರಿಕೊಳ್ಳಲೋ?"

ನಿಲ್ಲಿಸಿದ. ಮೇಷ್ಟ್ರು ಬಂದು ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಬೆರಳಿಟ್ಟು ನೋಡಿದರು.

"ಒಬ್ಬರೇ ಕೂತು ಓಡಿಸಿ ನೋಡಿದ್ರಿ ಅಲ್ವಾ? ಜನ ಕೂತ್ರೆ ಕಾರು ಎರಡು ಬೆರಳು ತಗ್ಗುತ್ತೆ. ಹೊರಗೆ ತೆರೆದ ತಗಡು ಮಡ್‌ಗಾರ್ಡಿಗೆ ಸಿಕ್ಕಿಕೊಂಡು ವಾಪಸ್ಸು ಬರಲ್ಲ. ಅದಕ್ಕೇ ನಾನು ಮುಂದಿನ ಚಕ್ರದ ತಂಟೆಗೆ ಹೋಗಲಿಲ್ಲ. ಈಗ ಸ್ವಲ್ಪ ಭಾರ ಕಡಿಮೆಯಾದ್ರೆ..." ಎಂದು ಮರ್ಯಾದಸ್ಥ ಮೇಷ್ಟ್ರು ಆಕಾಶ ನೋಡಿದರು.

ಕಿರಿಯಳಿಯ ಇಳಿದ. ತಗಡು ಅಲ್ಲಾಡಲಿಲ್ಲ. ಹೆಂಡತಿ ಇಳಿದಳು. ಆಗಲೂ ಇಲ್ಲ. ಕಾರಿನಲ್ಲಿ ಉಳಿದವರು ಒಬ್ಬರೇ. ಬೀದಿಯ ಕಣ್ಣೆಲ್ಲ ಮುಂದಿನ ಸೀಟಿನ ಮೇಲೆ. ಸುಮ್ಮನಿದ್ದರೆ ಅವರೇ ಇಳಿಯುತ್ತಿದ್ದರು. ಆದರೆ ತಪ್ಪು ಕಂಡುಹಿಡಿದ ಕೀರ್ತಿಯೂ ಮೇಷ್ಟ್ರಿಗೇ ಹೋದರೆ?

"ನಾನೂ ಅದನ್ನೇ ಹೇಳೋಣ ಅಂತಿದ್ದೆ!" ಎಂದು ಕಿರಿಯಳಿಯ ಬೀದಿಗೆಲ್ಲ ಕೇಳುವಂತೆ ಕೂಗಿದ. "ಅತ್ತೆ, ಇಳೀರಿ! ಭಾರ ನಿಮ್ಮದೇ!"

ಅತ್ತೆ ಇಳಿದರು. ಕಾರು ನಿಟ್ಟುಸಿರು ಬಿಟ್ಟು ಮೇಲೆದ್ದಿತು. ಟಣ್! ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಕುರ್ಚಿಯವರು ಚಪ್ಪಾಳೆ ತಟ್ಟಿದರು.

ಅಂದು ಊಟದಲ್ಲಿ ಅತ್ತೆ ಅವನ ಕಡೆ ತಿರುಗಲಿಲ್ಲ. ಅವರು ಮನೆಗೆ ಮರಳಿದ್ದು ಮೇಷ್ಟ್ರ ಕಾರಿನಲ್ಲಿ. ಕಿರಿಯಳಿಯ ಅವತ್ತೇ ತಗಡು ಬಿಚ್ಚಿ ಬೀರುಗಳಿಗೆ ವಾಪಸ್ಸು ಹಾಕಿದ.

ಆದರೂ ಶಪಥ ಈಡೇರಿತೆನ್ನಬೇಕು. ಈಗ ಅತ್ತೆ ಹಾಲಿನವನ ಮುಂದೆಯೂ ಇಬ್ಬರು ಅಳಿಯಂದಿರನ್ನೂ ಒಂದೇ ಉಸಿರಿನಲ್ಲಿ ನೆನೆಯುತ್ತಾರೆ:

"ಹಿರಿಯಳಿಯ ಪೆಟ್ರೋಲ್ ಉಳಿಸ್ತಾನೆ, ಕಿರಿಯಳಿಯ ಅತ್ತೇನ ಇಳಿಸ್ತಾನೆ!"